ಕಂಡಕ್ಟರ್ ಇಲ್ಲದ ಬಸ್ಸಿನಿಂದ

ಕಂಡಕ್ಟರಮ್ಮನವರಿಗೆ,

ಕಾಗದ ಯಾರದೆಂದು ಕೆಳಗೆ ಹೆಸರು ಹುಡುಕಬೇಡಿ. ಇಷ್ಟು ಕೆಟ್ಟ ಅಕ್ಷರ ಬರೆಯುವವನು ನಿಮಗೆ ಗೊತ್ತಿರುವವರಲ್ಲಿ ನಾನೊಬ್ಬನೇ. "ಬಾಯಿ ಬಿಟ್ಟು ಮಾತಾಡೋಕೇ ಬರದವನು ಕಾಗದ ಬೇರೆ ಬರೀತಾನಾ!" ಎಂದು ನೀವು ಈಗ ಹುಬ್ಬೇರಿಸಿರುತ್ತೀರಿ. ನಿಜ. ಅಷ್ಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದರೂ ನಾನು ನಿಮ್ಮೊಡನೆ ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೆ ಒಂದು ಮಧ್ಯಾಹ್ನಕ್ಕೂ ಸಾಲದು. ನಾನು ಮುಂದೆ ರಸ್ತೆ ನೋಡುತ್ತಿದ್ದೆ, ನೀವು ಹಿಂದೆ ಜನರನ್ನು ನೋಡುತ್ತಿದ್ದಿರಿ. ನಿಮ್ಮ ಮುಖ ನನಗೆ ಸಿಗುತ್ತಿದ್ದುದು ತಲೆಯ ಮೇಲಿನ ಕನ್ನಡಿಯಲ್ಲಿ, ಅದೂ ಹತ್ತು ಜನರ ತಲೆಗಳ ನಡುವೆ. ಆದರೆ ನಿಮ್ಮ ದನಿ ಇಡೀ ದಿನ ಸಿಗುತ್ತಿತ್ತು. "ಒಳಗೆ ನಡೀರಿ, ಒಳಗೆ! ಬಾಗಿಲಲ್ಲೇನು ಗೂಡು ಕಟ್ತೀರಾ?" ಎಂದು ನೀವು ಕೂಗಿದರೆ ಸೂಟು ಹಾಕಿದ ವಕೀಲರೂ ಹೈಸ್ಕೂಲು ಹುಡುಗರ ಹಾಗೆ ಹಿಂದಕ್ಕೆ ಸರಿಯುತ್ತಿದ್ದರು. ಅದಕ್ಕೇ ಅಲ್ಲವೇ ಜನ ನಿಮಗೆ ಟೀಚರಮ್ಮ ಎಂದು ಹೆಸರಿಟ್ಟಿದ್ದು.

ಆ ಸಭೆಯ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಇವತ್ತು ಮಾತಾಡಿಬಿಡುತ್ತೇನೆ.

ಅದಕ್ಕೂ ಮುಂಚೆ ಒಂದು ವರ್ಷದಿಂದಲೇ ಸಂಸ್ಥೆಯ ಕೈ ಖಾಲಿಯಾಗಿದೆ ಎಂಬ ಸುದ್ದಿ ಇತ್ತು. ಮೊದಲು ವಿಶ್ರಾಂತಿ ಕೋಣೆಯ ಅರ್ಧ ದೀಪ ಕಿತ್ತರು. ಆಮೇಲೆ ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಬೇಕು ಎಂದರು. ನಮ್ಮ ಮುದಿ ಬಸ್ಸನ್ನು ಒಮ್ಮೆ ಆರಿಸಿದರೆ ಮತ್ತೆ ಎಬ್ಬಿಸಲು ಎಷ್ಟು ಕಾಡಬೇಕಿತ್ತು ಎಂಬುದು ನಿಮಗೇ ಗೊತ್ತು. ಹಸಿರು ಬಿದ್ದರೂ ನಾವು ಕದಲದೆ, ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುವಾಗ ನೀವು ಕಿಟಕಿಯಿಂದ ತಲೆ ಹೊರಹಾಕಿ, "ಉಳಿತಾಯ ಮಾಡ್ತಿದ್ದೀವಿ ಸ್ವಾಮಿ, ಸ್ವಲ್ಪ ತಡ್ಕೊಳ್ಳಿ!" ಎನ್ನುತ್ತಿದ್ದಿರಿ. ಆಮೇಲೆ ಬಸ್ಸಿನ ಮೈಗೆಲ್ಲ ಜಾಹೀರಾತು ಅಂಟಿಸಿದರು. ನಮ್ಮ ಪಾಲಿಗೆ ಬಂದದ್ದು ಒಳಚಡ್ಡಿಯ ಜಾಹೀರಾತು, ಅದೂ ಹಿಂಬಾಗಿಲ ಪಕ್ಕದಲ್ಲೇ. ಒಂದು ವಾರ ನೀವು ಹಿಂಬಾಗಿಲಿನಿಂದ ಇಳಿಯಲೇ ಇಲ್ಲ.

ಇದ್ಯಾವುದೂ ಸಾಲದೆ ಕೊನೆಗೆ ಎಲ್ಲರನ್ನೂ ಡಿಪೋದ ರಿಪೇರಿ ಶೆಡ್ಡಿಗೆ ಕರೆದರು. ಖರ್ಚು ಕಡಿಮೆ ಮಾಡುವ ದಾರಿ ನೀವೇ ಹೇಳಿ ಎಂದರು ಮ್ಯಾನೇಜರ್. ಶುರುವಾಯಿತಲ್ಲ ಆಮೇಲೆ! ಆಫೀಸಿನವರ ಜೀಪು ಮಾರಿ ಎಂದರು ಮೆಕ್ಯಾನಿಕ್ಕುಗಳು. ಮೆಕ್ಯಾನಿಕ್ಕುಗಳು ಅರ್ಧ ದಿನ ಟೀ ಕುಡಿಯುತ್ತಾರೆ, ಅವರನ್ನು ಕಡಿಮೆ ಮಾಡಿ ಎಂದರು ಆಫೀಸಿನವರು. ಮುಖ್ಯ ಕಚೇರಿಯ ಕಟ್ಟಡವನ್ನೇ ಬಾಡಿಗೆಗೆ ಕೊಡಿ ಎಂದರು ನಮ್ಮ ಡ್ರೈವರುಗಳು. ಎಲ್ಲರ ಕತ್ತರಿಯೂ ಪಕ್ಕದವರ ಅಂಗಿಯ ಮೇಲೆಯೇ. ಮ್ಯಾನೇಜರ್ ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೆಟ್ಟ ಮನುಷ್ಯನೇನಲ್ಲ ಪಾಪ. "ಮೇಲಿನವರು ನಂಗೆ ಎರಡೇ ದಾರಿ ಕೊಟ್ಟಿದ್ದಾರೆ. ಒಂದಾ, ಗುಡ್ಡದ ಮೇಲಿನ ರೂಟು ಮುಚ್ಚಬೇಕು. ಇಲ್ಲಾ, ಕಂಡಕ್ಟರ್ ಇಲ್ಲದೆ ಬಸ್ ಓಡಿಸಬೇಕು, ಡ್ರೈವರ್ ಪಕ್ಕ ಟಿಕೆಟ್ ಮೆಷಿನ್ ಇಟ್ಟು. ಯಾರನ್ನೂ ಮನೆಗೆ ಕಳಿಸಲ್ಲ, ಬೇರೆ ಕೆಲಸ ಕೊಡ್ತೀವಿ. ಸಂಬಳ ಮಾತ್ರ ಕಡಿಮೆ ಆಗುತ್ತೆ. ನೀವೇ ಹೇಳಿ," ಎಂದರು.

ಗುಡ್ಡದ ಮೇಲೆ ಏನಿದೆ? ಕಲ್ಲಿನ ಕ್ವಾರಿ ಇದ್ದಾಗ ಕಟ್ಟಿದ ನಾಲ್ಕು ಬೀದಿ, ಕೊನೆಯಲ್ಲಿ ಎದೆ ರೋಗದ ಆಸ್ಪತ್ರೆ. ಹೋಗುವಾಗ ಅರ್ಧ ಖಾಲಿ, ಬರುವಾಗ ಮುಕ್ಕಾಲು ಖಾಲಿ. ಮುಚ್ಚಿಬಿಡಿ ಎಂದು ಒಬ್ಬ ಕಂಡಕ್ಟರ್ ಹೇಳಿದ್ದರೆ ಸಾಕಿತ್ತು, ಉಳಿದವರೆಲ್ಲ ಹೂಂ ಎನ್ನುತ್ತಿದ್ದರು. ಅಷ್ಟರಲ್ಲಿ ನೀವು ಎದ್ದು ನಿಂತಿರಿ.

"ಕಂಡಕ್ಟರ್ ತೆಗೀರಿ ಸಾರ್. ನಂಗೆ ಬೇರೆ ಕೆಲಸ ಸಿಗುತ್ತೆ. ಆಸ್ಪತ್ರೆಗೆ ಹೋಗೋರಿಗೆ ಬೇರೆ ಬಸ್ ಸಿಗಲ್ಲ."

ಅಷ್ಟೇ ಹೇಳಿ ಕೂತಿರಿ. ನಿಮ್ಮ ಪಕ್ಕದಲ್ಲಿದ್ದ, ಎಲ್ಲರೂ ಸಿಳ್ಳೆ ಎಂದೇ ಕರೆಯುವ, ಪೀಪಿ ಬಿಟ್ಟು ಬಾಯಲ್ಲೇ ಸಿಳ್ಳೆ ಹೊಡೆಯುತ್ತಿದ್ದ ನಮ್ಮ ಹಳೇ ಕಂಡಕ್ಟರ್, "ನಮ್ಮ ಹೊಟ್ಟೆ ಮೇಲೆ ನೀನೇ ಹೊಡೆದೆಯಲ್ಲಮ್ಮಾ" ಎಂದು ಎದ್ದು ಹೊರಗೆ ನಡೆದ. ನೀವು ತೊಡೆಯ ಮೇಲಿನ ಚರ್ಮದ ಚೀಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಿರಿ. ಎದುರು ಸಾಲಿನಿಂದ ನಾನು ನೋಡಿದೆ. ನಿಮ್ಮಕ್ಕ ಆ ಆಸ್ಪತ್ರೆಯಲ್ಲಿ ಒಂದು ಚಳಿಗಾಲವಿಡೀ ಮಲಗಿದ್ದರು. ಅವರನ್ನು ನೋಡಲು ನೀವು ನಮ್ಮದೇ ಬಸ್ಸಿನಲ್ಲಿ, ರಜೆಯ ದಿನ, ಟಿಕೆಟ್ ತೆಗೆದುಕೊಂಡು ಬರುತ್ತಿದ್ದಿರಿ. ಆ ಬಸ್ಸು ತಪ್ಪಿದರೆ ಏನೆಂದು ಆ ಶೆಡ್ಡಿನಲ್ಲಿ ನಿಮ್ಮಷ್ಟು ಬಲ್ಲವರು ಯಾರೂ ಇರಲಿಲ್ಲ. ಒಬ್ಬೊಬ್ಬರಾಗಿ ಕೈ ಎತ್ತಿದರು. ಮೊದಲು ಡ್ರೈವರುಗಳು, ಆಮೇಲೆ ಮೆಕ್ಯಾನಿಕ್ಕುಗಳು, ಕೊನೆಗೆ ನೆಲ ನೋಡುತ್ತಾ ಕೆಲವು ಕಂಡಕ್ಟರುಗಳು.

ನಾನು ಎತ್ತಲಿಲ್ಲ. ನೀವು ಗಮನಿಸಿದಿರೋ ಇಲ್ಲವೋ. ನಿಮ್ಮ ಮಾತು ಸರಿ ಎಂದು ನನ್ನ ತಲೆಗೆ ಗೊತ್ತಿತ್ತು. ಆದರೆ ನಿಮ್ಮನ್ನು ನನ್ನ ಬಸ್ಸಿನಿಂದ ಇಳಿಸಿ ಎಂದು ಹೇಳಲು ನನ್ನ ಕೈ ಮೇಲೇಳಲಿಲ್ಲ. ಸಿಟ್ಟೂ ಬಂದಿತ್ತು. ಈ ಹೆಂಗಸಿಗೆ ಹೊರಟುಹೋಗುವುದು ಇಷ್ಟು ಸಲೀಸಾ ಎಂದು. ಮನೆಗೆ ಹೋಗಿ ಮಗಳ ಮೇಲೆ ರೇಗಿದೆ. ಅವಳು ತಟ್ಟೆ ಮುಂದಿಟ್ಟು, "ಅಪ್ಪಾ, ನಿಂಗೆ ಸಿಟ್ಟು ಬಂದಿರೋದು ಯಾರ ಮೇಲೆ?" ಎಂದಳು. ನಾನು ತಲೆ ತಗ್ಗಿಸಿ ಅನ್ನ ಕಲಸತೊಡಗಿದೆ.

ನಿಮ್ಮ ಕೊನೆಯ ದಿನ ನೆನಪಿದೆಯೇ? ಚೀಲ ಬಿಚ್ಚಿ ಕೌಂಟರಿನಲ್ಲಿ ಕೊಟ್ಟು, ವಾಪಸು ಬಂದು ನನ್ನ ಕಿಟಕಿಯ ಕೆಳಗೆ ನಿಂತು, "ಬ್ರೇಕು ಮೆಲ್ಲಗೆ ಹಾಕಿ. ವಯಸ್ಸಾದವರು ಇರ್ತಾರೆ," ಎಂದಿರಿ. ನಾನು "ಆಯ್ತು" ಎಂದೆ. ಮನುಷ್ಯನ ಗಂಟಲಲ್ಲಿ ಒಂದು ಲಾರಿ ಮಾತು ಸಿಕ್ಕಿಕೊಂಡಿದ್ದರೂ ಹೊರಗೆ ಬಂದದ್ದು ಅಷ್ಟೇ. ನೀವು ಗೇಟು ದಾಟುವವರೆಗೂ ನಾನು ಗಾಡಿ ಶುರು ಮಾಡಲಿಲ್ಲ. ಹಿಂದೆ ನಿಂತಿದ್ದ ಬಸ್ಸಿನ ಡ್ರೈವರು ಬೈದ.

ಮೊದಲ ವಾರಗಳು ನರಕ. ಜನ ಹತ್ತುವುದು ನನ್ನ ಪಕ್ಕದ ಬಾಗಿಲಿನಿಂದ. ಒಬ್ಬರಿಗೆ ಮೆಷಿನ್ನಿನ ಗುಂಡಿ ತಿಳಿಯದು, ಇನ್ನೊಬ್ಬರಿಗೆ ಚಿಲ್ಲರೆ ಸಿಗದು, ಹಿಂದಿನವರು ಬಿಸಿಲಲ್ಲಿ ನಿಂತು ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದರು. "ಟೀಚರಮ್ಮ ಎಲ್ಲಿ?" ಎಂದು ಹತ್ತಿದವರೆಲ್ಲ ಕೇಳುವವರೇ. ಬೇರೆ ಕಡೆ ಹಾಕಿದ್ದಾರೆ ಎಂದರೆ ನಾನೇ ನಿಮ್ಮನ್ನು ಓಡಿಸಿದವನ ಹಾಗೆ ನೋಡುತ್ತಿದ್ದರು. ಮಾತೇ ಆಡದೆ ಅರ್ಧ ಆಯುಷ್ಯ ಕಳೆದವನು ನಾನು. ಈಗ ಬೆಳಿಗ್ಗೆಯಿಂದ ಸಂಜೆವರೆಗೆ "ಬನ್ನಿ, ಹತ್ತಿ, ಹಸಿರು ಗುಂಡಿ ಒತ್ತಿ, ಅದಲ್ಲ, ಅದರ ಪಕ್ಕದ್ದು" ಎನ್ನುತ್ತಾ ಗಂಟಲು ಒಣಗಿಸಿಕೊಳ್ಳುತ್ತಿದ್ದೆ.

ಬೆತ್ತದ ಕುರ್ಚಿ ಹೆಣೆಯುವ ಯಜಮಾನರು ನಿಮಗೆ ನೆನಪಿದ್ದಾರಲ್ಲ, ಕಣ್ಣು ಕಾಣದವರು. ಅವರ ಸ್ಟಾಪ್ ಬಂದಾಗ ನೀವು ಭುಜ ಮುಟ್ಟಿ "ನಿಮ್ಮ ಅಂಗಡಿ ಬಂತು" ಎನ್ನುತ್ತಿದ್ದಿರಿ. ಒಂದು ದಿನ ಮೆಷಿನ್ ಕೆಟ್ಟು ನಿಂತು, ಆ ಗದ್ದಲದಲ್ಲಿ ನಾನು ಅವರನ್ನು ಮರೆತೇಬಿಟ್ಟೆ. ಗುಡ್ಡದ ತುದಿಗೆ ಹೋಗಿ ಎಂಜಿನ್ ಆರಿಸಿದಾಗ ಹಿಂದಿನಿಂದ ದನಿ ಬಂತು: "ಡ್ರೈವರೇ, ಗಾಳಿಯಲ್ಲಿ ಔಷಧಿ ವಾಸನೆ ಇದೆ. ಆಸ್ಪತ್ರೆಗೆ ಬಂದೆನಾ?" ಹತ್ತಿರ ಹೋಗಿ ಕೈ ಹಿಡಿದು ತಪ್ಪಾಯಿತು ಎಂದೆ. ಅವರು ನಕ್ಕರು. "ಇರಲಿ ಬಿಡಿ. ಇಷ್ಟು ಮೇಲೆ ಬಂದೇ ಇರಲಿಲ್ಲ. ಗಾಳಿ ಚೆನ್ನಾಗಿದೆ," ಎಂದರು.

ವಾಪಸು ಬರುವಾಗ ಅವರ ಸ್ಟಾಪಿನಲ್ಲಿ ನಿಲ್ಲಿಸಿ, ನಾನೇ ಇಳಿದು, ಅಂಗಡಿಯ ಬಾಗಿಲವರೆಗೆ ಬಿಟ್ಟು ಬಂದೆ. ಬಸ್ಸಿನಲ್ಲಿ ಜನ ಕೂತಿದ್ದರು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಹತ್ತಿದೆ. ಆದರೆ ಮುಂದಿನ ಸೀಟಿನಲ್ಲಿದ್ದ ನರ್ಸಮ್ಮ, ಪಾಳಿ ಮುಗಿಸಿ ಚಪ್ಪಲಿ ಕಳಚಿ ಕೂರುತ್ತಾರಲ್ಲ, ಅವರು, "ನೀವು ರಸ್ತೆ ನೋಡ್ಕೊಳ್ಳಿ. ಇನ್ಮೇಲೆ ಸ್ಟಾಪು ಕೂಗೋ ಕೆಲಸ ನಂದು," ಎಂದರು. ಎಂದವರು ಸುಮ್ಮನಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಜನ ಬಾಗಿಲಲ್ಲಿ ಮುತ್ತಿಕೊಂಡಾಗ ಎದ್ದು ನಿಂತು ನಿಮ್ಮದೇ ರಾಗದಲ್ಲಿ, "ಒಳಗೆ ನಡೀರಿ, ಒಳಗೆ! ಬಾಗಿಲಲ್ಲೇನು ಗೂಡು ಕಟ್ತೀರಾ?" ಎಂದು ಕೂಗಿದರು. ಇಡೀ ಬಸ್ಸು ಗೊಳ್ಳೆಂದಿತು. ನಾನು ತಟ್ಟನೆ ಕನ್ನಡಿ ನೋಡಿದೆ. ನೀವಿರಲಿಲ್ಲ. ನಿಮ್ಮನ್ನು ನೆನೆದು ನಗುತ್ತಿದ್ದ ಜನ ಇದ್ದರು. ಕಣ್ಣು ಮಂಜಾಗಿ, ಬಿಸಿಲಿನಲ್ಲಿ ವೈಪರ್ ಹಾಕಿದ ಮೂರ್ಖ ನಾನು.

ಈಗ ನರ್ಸಮ್ಮ ಇಲ್ಲದ ಟ್ರಿಪ್ಪಿನಲ್ಲಿ ಬೇರೆ ಯಾರಾದರೂ ಕೂಗುತ್ತಾರೆ. ಯಜಮಾನರ ಭುಜ ಮುಟ್ಟಲು ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಟಿಕೆಟ್ ಇಲ್ಲದೆ ನುಸುಳುವವರು ನುಸುಳುತ್ತಾರೆ. ತಳ್ಳುಗಾಡಿಯಲ್ಲಿ ಕೂಸನ್ನು ತಂದ ತಾಯಂದಿರಿಗೆ ಎತ್ತಿ ಹತ್ತಿಸುವ ಕೈ ಇಲ್ಲ. ನಾನು ಎದ್ದು ಹೋದರೆ ಹೊತ್ತಾಗುತ್ತದೆ. ಸಿಳ್ಳೆ ಕೆಲಸ ಬಿಟ್ಟು ಅಣ್ಣನ ಟೈರ್ ಅಂಗಡಿ ಸೇರಿದ. ನಿಮ್ಮ ಹೆಸರೆತ್ತಿದರೆ ಇನ್ನೂ ಮುಖ ತಿರುಗಿಸುತ್ತಾನೆ. ಅವನದೂ ಸುಳ್ಳು ನೋವಲ್ಲ. ಆದರೆ ಗುಡ್ಡದ ಬಸ್ಸು ಓಡುತ್ತಿದೆ. ಹೋದ ತಿಂಗಳು ಮ್ಯಾನೇಜರ್ ಸ್ವತಃ ಬಂದು, ಈ ರೂಟನ್ನು ಇನ್ನು ಮುಟ್ಟುವುದಿಲ್ಲ ಎಂದು ಹೇಳಿಹೋದರು. ಆ ಮಾತನ್ನು ಮೊದಲು ನಿಮಗೆ ಹೇಳಬೇಕೆನಿಸಿತು. ಹೇಳಲು ಪಕ್ಕದಲ್ಲಿ ನೀವಿರಲಿಲ್ಲ.

ನೀವು ಸೆಂಟ್ರಲ್ ವರ್ಕ್‌ಶಾಪಿನಲ್ಲಿ ಹರಿದ ಸೀಟು ಹೊಲಿಯುತ್ತಿದ್ದೀರಿ, ಹೊಸ ಸೀಟು ಕೊಳ್ಳುವ ಖರ್ಚು ಉಳಿಸಲು ಅದನ್ನು ಶುರು ಮಾಡಿದ್ದಾರೆ ಎಂದು ಅಲ್ಲಿಗೆ ಗಾಡಿ ಒಯ್ದ ಡ್ರೈವರೊಬ್ಬ ಹೇಳಿದ. "ಅಲ್ಲೂ ಎಲ್ಲರಿಗೂ ಪಾಠ ಮಾಡ್ತಾಳೆ ಮಾರಾಯ, ಆದರೆ ಬೆರಳಿಗೆಲ್ಲ ಪಟ್ಟಿ," ಎಂದ. ನಿಂತು ದುಡಿದು ರೂಢಿಯಾದ ನಿಮಗೆ ಇಡೀ ದಿನ ಕೂತು ಸೂಜಿ ಹಿಡಿಯುವುದು ಎಷ್ಟು ಬೇಜಾರೋ. ಅದನ್ನು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಮಗಳು ಔಷಧಿ ಅಂಗಡಿಯಿಂದ ಬೆರಳಿಗೆ ಹಚ್ಚುವ ಮುಲಾಮು ತಂದು ನನ್ನ ಮುಂದಿಟ್ಟಳು. "ಇದನ್ನ ಕೊಡೋ ನೆಪದಲ್ಲಾದ್ರೂ ಹೋಗು. ಅಮ್ಮ ಹೋದ ಮೇಲೆ ನೀನು ಮನೆಯಲ್ಲಿ ನಕ್ಕಿದ್ದೆಲ್ಲ ಆ ಕಂಡಕ್ಟರಮ್ಮನ ಮಾತು ಹೇಳುವಾಗಲೇ. ನಂಗೆ ಅಷ್ಟೂ ಗೊತ್ತಾಗಲ್ವಾ?" ಎಂದಳು. ಮಗಳ ಎದುರು ನಾಚಿಕೆಯಾಯಿತು. ಆಮೇಲೆ ಹಗುರವಾಯಿತು.

ಹಾಗಾಗಿ ಈ ಕಾಗದ. ಎದುರಿಗೆ ಬಂದರೆ ನಾನು ಮತ್ತೆ "ಆಯ್ತು" ಎಂದು ತಿರುಗಿ ಬಂದುಬಿಡುತ್ತೇನೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಬರುವ ಭಾನುವಾರ ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತೇನೆ. ಮುಲಾಮು ತರುತ್ತೇನೆ. ಒಂದು ಮಾತು ಕೇಳಲು ಬರುತ್ತೇನೆ. ಏನೆಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರುತ್ತದೆ. ನಿಮಗಿರುವುದು ಅಕ್ಕ ಒಬ್ಬರೇ, ಅವರನ್ನು ಬಿಟ್ಟು ಬನ್ನಿ ಎಂದು ಕೇಳುವವನು ನಾನಲ್ಲ. ನಮ್ಮ ಮನೆ ನೆಲದ ಮಟ್ಟದಲ್ಲಿದೆ, ಅವರು ಉಸಿರು ಕಟ್ಟಿಕೊಂಡು ಮೆಟ್ಟಿಲು ಹತ್ತಬೇಕಿಲ್ಲ. ಹಿಂದಿನ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದೆ. ಮಗಳು ಆಗಲೇ ಅಲ್ಲಿನ ಪೆಟ್ಟಿಗೆಗಳನ್ನೆಲ್ಲ ಎತ್ತಿಟ್ಟಿದ್ದಾಳೆ. ನಾನು ಹೇಳಿದ್ದಲ್ಲ, ಅವಳಾಗಿಯೇ. ನಿಮಗೆ ಮನಸ್ಸಿಲ್ಲದಿದ್ದರೆ ಮುಲಾಮು ತೆಗೆದುಕೊಂಡು ಒಂದು ಲೋಟ ಟೀ ಕೊಟ್ಟು ಕಳಿಸಿ. ಬೇಜಾರು ಮಾಡಿಕೊಳ್ಳುವುದಿಲ್ಲ. ಮನಸ್ಸಿದ್ದರೆ, ಭಾನುವಾರದಿಂದ ನಿಮ್ಮನ್ನು ನೀನು ಎಂದು ಕರೆಯಲು ಬಿಡಿ. ಒಬ್ಬನೇ ಇರುವಾಗ ಎಷ್ಟೋ ಸಲ ಹಾಗೆ ಕರೆದು ನೋಡಿದ್ದೇನೆ. ಬಾಯಿಗೆ ಚೆನ್ನಾಗಿ ಕೂರುತ್ತದೆ.

ಅಕ್ಕನ ಉಸಿರು ಸಲೀಸಾಗಿರಲಿ. ನಿಮ್ಮ ಬೆರಳ ಗಾಯ ಬೇಗ ಮಾಯಲಿ.

ಇತಿ,
ನೀನು ಒಪ್ಪಿದರೆ, ನಿನ್ನವನು