ಏಳು ರೂಪಾಯಿಯ ಬಾಳೆಕಂದು

ಬ್ರಹ್ಮಪುರ, ಕಲಬುರ್ಗಿ
ಪರಿಧಾವಿ ಸಂವತ್ಸರ, ಮಾಘ ಬಹುಳ ಪಂಚಮಿ (ಇಸವಿ ೧೯೧೩)

ಅಣ್ಣ ಅಣವೀರಪ್ಪನಿಗೆ,

ಮೊದಲು 'ಪ್ರೀತಿಯ' ಎಂದು ಬರೆದಿದ್ದೆ, ಹೊಡೆದುಹಾಕಿದೆ. ಮೇಲೆ ಕಾಣುವ ಮಸಿ ಅದೇ. ನಿನ್ನ ಆರೋಗ್ಯ ಕೇಳಬೇಕಾಗಿಲ್ಲ. ಸೊಲ್ಲಾಪುರಕ್ಕೆ ಹೋಗಿದ್ದ ನಮ್ಮ ಓಣಿಯ ಸೂಗಪ್ಪ ನಿನ್ನನ್ನು ಅಲ್ಲಿ ಕಂಡು ಬಂದ. "ಮೈಕೈ ತುಂಬಿಕೊಂಡಾನ್ರೀ ಅಕ್ಕಾ, ಜರಿ ರುಮಾಲ ಸುತ್ಯಾನ" ಎಂದ. ಕಣ್ಣಿನ ಔಷಧಕ್ಕೆಂದು ಹೋದವನ ಕಣ್ಣು ಚೆನ್ನಾಗಿಯೇ ಇದೆ ಎಂದಾಯಿತು. ತವರು ಕಮಲಾಪುರದಲ್ಲಿ ಅಪ್ಪನ ಕೆಮ್ಮು ಇಳಿದಿಲ್ಲ. ಇಲ್ಲಿ ನಮ್ಮ ಮನೆಯವರು ಹೊರಗಿನ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಿದ್ದಾರೆ. ಓಣಿಯವರಿಗೆ ಮುಖ ತೋರಿಸಲು ಅವರಿಗೆ ಆಗುತ್ತಿಲ್ಲ.

ನೀನು ಸೂಗಪ್ಪನ ಮುಂದೆ "ಮಂದಿ ತಾವ ಹುಚ್ಚರಾದ್ರು, ನಂದೇನ ತಪ್ಪು" ಎಂದೆಯಂತೆ. ಆ ಮಾತು ಕೇಳಿದ ಮೇಲೆಯೇ ಈ ಕಾಗದ ಬರೆಯಲು ಕುಳಿತೆ. ಅವರು ಹುಚ್ಚರಾದದ್ದು ಹೇಗೆಂದು ನೀನು ಮರೆತಿರಬಹುದು, ನಾನು ಮರೆತಿಲ್ಲ. ಹೋದ ಬೇಸಿಗೆಯವರೆಗೆ ನಮ್ಮೂರ ಕೆಂಪು ಬಾಳೆಯ ಬುಡದಲ್ಲಿ ಒಡೆಯುವ ಕಂದಿಗೆ ಒಂದಾಣೆಯೂ ಇರಲಿಲ್ಲ. ಹೆಚ್ಚಾದದ್ದನ್ನು ಕಿತ್ತು ಬದುವಿಗೆ ಎಸೆಯುತ್ತಿದ್ದೆವು. ಹೈದರಾಬಾದಿನ ಒಬ್ಬ ಜಾಗೀರ್ದಾರರು ತೋಟ ಹಾಕಿಸುತ್ತಾರೆ, ಹತ್ತು ಸಾವಿರ ಕಂದು ಬೇಕಂತೆ ಎಂದು ಹೇಳುತ್ತ ಬಂದವನು ನೀನು. ಎಲ್ಲರ ಕಣ್ಣೆದುರು ನಾಲ್ಕಾಣೆಗೆ ಒಂದರಂತೆ ಐವತ್ತು ಕಂದು ಕೊಂಡೆ. ಅಷ್ಟೇ ಸಾಕಾಯಿತು. ನಾಲ್ಕಾಣೆಗೆ ಮಾರಿದವನು, ಪಕ್ಕದವನು ಎಂಟಾಣೆಗೆ ಮಾರಿದ್ದನ್ನು ಕಂಡು ಹೊಟ್ಟೆ ಉರಿದು, ತಾನೇ ಹನ್ನೆರಡಾಣೆಗೆ ಮರಳಿ ಕೊಂಡ. ಗಣಪತಿ ಹಬ್ಬದ ಹೊತ್ತಿಗೆ ಕಂದನ್ನು ಕಣ್ಣಿಂದ ನೋಡುವವರೂ ಇರಲಿಲ್ಲ. "ಬರುವ ಮೃಗಶಿರಾ ಮಳೆಗೆ ಒಂದು ಕಂದು ಕೊಡತಕ್ಕದ್ದು" ಎಂಬ ಚೀಟಿಯೇ ಕೈಯಿಂದ ಕೈಗೆ ಓಡಾಡಿತು. ಮೂರು ರೂಪಾಯಿ, ಐದು, ಏಳು. ಪಕ್ಕದೂರು ಮಹಾಗಾಂವದವರು ನಿಂತ ತೊಗರಿ ಕಿತ್ತು ಬಾಳೆ ನೆಟ್ಟರು. ಒಂದು ಗಿಡ ಹತ್ತು ಕಂದು ಒಡೆಯುತ್ತದೆ ಎಂಬುದು ಒಕ್ಕಲು ಮನೆತನದಲ್ಲಿ ಹುಟ್ಟಿದ ಯಾರಿಗೂ ಆಗ ನೆನಪಾಗಲಿಲ್ಲವಲ್ಲ!

ನಮ್ಮ ಮನೆಯ ಕಟ್ಟೆಯನ್ನೇ ನೀನು ಪೇಟೆ ಮಾಡಿಕೊಂಡೆ. ಅಲ್ಲಿಗೇ ನಿನಗೆ ಚಹಾ ತಂದುಕೊಟ್ಟು ಒಂದು ದಿನ ಕೇಳಿದೆ: "ಅಣ್ಣಾ, ಇಷ್ಟೆಲ್ಲಾ ಕಂದು ಕಡೀಗೆ ನೆಡೋರು ಯಾರು?" ನೀನು ನಕ್ಕೆ. "ನೆಡಾಕ ಯಾರ್ ತಗೋತಾರ ಜಯಾ, ನಾಳಿ ಮಾರಾಕ ತಗೋತಾರ." ನಾನೂ ನಕ್ಕೆ.

ಹಿತ್ತಲಿನ ಓಣಿಯಲ್ಲಿ ಖಾನಾವಳಿ ನಡೆಸುವ ಅಂಬಮ್ಮ, ಗಂಡ ಸತ್ತ ಮೇಲೆ ರೊಟ್ಟಿ ಬಡಿದೇ ಬದುಕಿದವಳು, ನನ್ನನ್ನು ಕೇಳಿಯೇ ನಿನ್ನ ಬಳಿ ಬಂದಳು. "ನಮ್ಮಣ್ಣ ಅದಾನ, ಹೆದರಬ್ಯಾಡ" ಎಂದವಳು ನಾನೇ. ಎರಡೂ ಎಮ್ಮೆ ಮಾರಿದಳು, ಕಾಲಿನ ಬೆಳ್ಳಿ ಕಡಗ ಮಾರಿದಳು, ಏಳು ರೂಪಾಯಿಯಂತೆ ನಲವತ್ತು ಚೀಟಿ ನಿನ್ನ ಕೈಯಿಂದಲೇ ಕೊಂಡಳು. ಅಂದು ನಿನಗೆ ಬಿಸಿ ರೊಟ್ಟಿ, ಝುಣಕ ಬಡಿಸಿ ದುಡ್ಡು ಬೇಡವೆಂದಳು. ನೀನು ಉಂಡು ಕೈತೊಳೆದು, ಕಣ್ಣಿನ ಔಷಧಕ್ಕೆಂದು ಹೇಳಿ, ಮರುದಿನ ಹೆಂಡತಿ ಮಕ್ಕಳೊಡನೆ ಸೊಲ್ಲಾಪುರದ ರೈಲು ಹತ್ತಿದೆ.

ನಾಲ್ಕು ದಿನ ಕಳೆದು ಸಂತೆಯ ದಿನ ಬಟ್ಟೆ ಅಂಗಡಿಯ ಮಕ್ಸೂದ್ ಸಾಹೇಬರು ನಮ್ಮ ಕಟ್ಟೆಯ ಮೇಲೆ ನಿಂತು ತಮ್ಮ ಚೀಟಿ ಮಾರಲು "ಏಳು" ಎಂದು ಕೂಗಿದರು. ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಅವರು ಚೇಷ್ಟೆ ಎಂದುಕೊಂಡು ನಕ್ಕರು. "ಆರು" ಎಂದರು, "ನಾಕು" ಎಂದರು. ಮಂದಿ ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ತಮ್ಮ ತಮ್ಮ ಜೇಬಿನ ಚೀಟಿ ತೆಗೆದು ತಾವೇ ಕೂಗತೊಡಗಿದರು. ಎಲ್ಲರೂ ಮಾರುವವರೇ, ಕೊಳ್ಳುವವನು ಒಬ್ಬನೂ ಇಲ್ಲ. ಮಧ್ಯಾಹ್ನಕ್ಕೆ ಮಕ್ಸೂದ್ ಸಾಹೇಬರ ದನಿ ಬಿದ್ದುಹೋಗಿತ್ತು. ಅಂಬಮ್ಮ ಒಲೆ ಆರಿಸಿ ಓಡಿಬಂದವಳು, ಹಿಟ್ಟಿನ ಕೈಯಲ್ಲೇ ಚೀಟಿ ಹಿಡಿದು, "ಯವ್ವಾ, ನಿಮ್ಮಣ್ಣ ಯಾವಾಗ ಬರ್ತಾನ?" ಎಂದು ನನ್ನನ್ನು ಕೇಳಿದಳು.

ನೀನೂ ಮೋಸಹೋದೆ ಎಂದು ನಾನು ಎಲ್ಲರೊಡನೆ ವಾದಿಸಿದೆ, ಅಣ್ಣಾ. ಎಳ್ಳಮಾಸಿ ಹಬ್ಬಕ್ಕೆ ತವರಿಗೆ ಹೋದಾಗ ನಿನ್ನ ಹಳೆಯ ಕೋಟು ಒಗೆಯಲು ತೆಗೆದೆ. ಒಳಜೇಬಿನಲ್ಲಿ ಜಾಗೀರ್ದಾರರ ಕಾರಭಾರಿ ಬರೆದ ಕಾಗದವಿತ್ತು. ತೋಟಕ್ಕೆ ಇನ್ನೂರು ಕಂದು ಸಾಕಾಯಿತು, ನೆಟ್ಟೂ ಆಯಿತು, ಇನ್ನು ಕಳಿಸಬೇಡ ಎಂದು. ತಾರೀಖು ಆಷಾಢದ್ದು. ಆಗ ಕಂದಿಗೆ ಇನ್ನೂ ಹನ್ನೆರಡಾಣೆ. ಅಲ್ಲಿಂದ ಏಳು ರೂಪಾಯಿಯವರೆಗೆ ಪ್ರತಿಯೊಂದು ಚೀಟಿಯನ್ನೂ ನೀನು ಗೊತ್ತಿದ್ದೇ ಮಾರಿದೆ. ಆ ಕಾಗದ ಅಪ್ಪನಿಗೆ ಓದಿ ಹೇಳಿದೆ. ಅವರು ಎದ್ದು ತೋಟಕ್ಕೆ ಹೋದರು. ನಿನ್ನ ಮಾತು ಕೇಳಿ ಅವಧಿಗೆ ಮೊದಲೇ ಕಂದು ಅಗೆದು ಹಾಳುಮಾಡಿದ ಬುಡಗಳಿಗೆ ಸಂಜೆಯವರೆಗೆ ಮಣ್ಣು ಏರಿಸುತ್ತಿದ್ದರು. ನಿನ್ನ ಹೆಸರು ಅವರ ಬಾಯಲ್ಲಿ ಅಂದಿನಿಂದ ಬಂದಿಲ್ಲ.

ಅತ್ತಿಗೆಗೆ ನನ್ನ ಶರಣು ತಿಳಿಸು. ಮಕ್ಕಳ ತಲೆಯ ಮೇಲೆ ಕೈಯಾಡಿಸು. ನಿನ್ನ ಪಾದಕ್ಕೆ ಈ ಸಲ ಶರಣು ಬರೆಯುವುದಿಲ್ಲ.

ನಿನ್ನ ತಂಗಿ
ಜಯದೇವಿ

ತಾ.ಕ.: ಸೂಗಪ್ಪ ನಿನ್ನ ಮನೆಯ ಗುರುತು ಹೇಳಿದ್ದಾನೆ. ಈ ಕಾಗದವನ್ನು ಅವನ ಭಾವನ ಕೈಯಲ್ಲಿ ಇಂದಿನ ರೈಲಿಗೆ ಕೊಟ್ಟು ಕಳಿಸುತ್ತಿದ್ದೇನೆ. ನಾಳಿನ ರೈಲಿಗೆ ಅಂಬಮ್ಮನನ್ನು ಕರೆದುಕೊಂಡು ನಾನೇ ಬರುತ್ತೇನೆ. ಅವಳ ಹಣ ಪೂರ್ತಿ ತೆಗೆದಿಟ್ಟಿರು. ನೀನು ಊರಲ್ಲಿ ಇಲ್ಲದಿದ್ದರೆ ಆ ಆಷಾಢದ ಕಾಗದವನ್ನು ಅತ್ತಿಗೆಯ ಮುಂದೆ ಕೂತು ಓದುತ್ತೇನೆ, ಬಾಗಿಲು ತೆರೆದಿಟ್ಟು.