ಜಿಗಿತ ನುಂಗಿದ ಸ್ವರಗಳು

ಒಸಾಕಾ
9 ನವೆಂಬರ್ 2018

ಕುವಾಬಾರಾ ಎಯಿಜಿ ಅವರಿಗೆ,

ಕಳೆದ ಭಾನುವಾರದ ಪತ್ರಿಕೆಯಲ್ಲಿ ನೀವು ನನ್ನ ಸಂಗೀತವನ್ನು ಕದ್ದಿರಿ. "ಆ ನರಿಯ ವಿಡಿಯೊ ಆಟಕ್ಕೆ ಸಂಗೀತ ಬರೆದ ಸೊರಾಮಾಮೆ ಎಂದರೆ ನಾನೇ" ಎಂದು ಸಂದರ್ಶಕನಿಗೆ ಹೇಳಿದ್ದೀರಿ. ನಮ್ಮ ವಿಚ್ಛೇದನದ ಕಾಗದಕ್ಕೆ ಮೊಹರು ಒತ್ತಿದ ದಿನವೂ ನನಗೆ ಇಷ್ಟು ಕೋಪ ಬಂದಿರಲಿಲ್ಲ.

1987ರ ಚಳಿಗಾಲ ನೆನಪಿದೆಯೆ? ಆಟದ ಕೊನೆಯ ಹೆಸರುಪಟ್ಟಿಯಲ್ಲಿ ನನ್ನ ನಿಜವಾದ ಹೆಸರು ಹಾಕಿ ಎಂದು ಕೇಳಿದ್ದಕ್ಕೆ, ವಿಭಾಗದ ಮುಖ್ಯಸ್ಥರಾಗಿದ್ದ ನೀವು ನಕ್ಕಿರಿ. "ಹಾಕಿದ್ರೆ ನಾಳೆನೇ ಎದುರು ಕಂಪನಿಯೋರು ನಿನ್ನ ಎತ್ತಾಕ್ಕೊಂಡು ಹೋಗ್ತಾರೆ ಕಣೇ. ಸದಾ ಸೊರಾಮಾಮೆ ಕಾಳು ಮೆಲ್ತಿರ್ತೀಯಲ್ಲ, ಅದೇ ಇರ್ಲಿ ಬಿಡು!" ಆಗ ಎಲ್ಲರಿಗೂ ಅಂಥ ಅಡ್ಡಹೆಸರೇ. ಆ ಮುಸುಕಿನೊಳಗೆ ಈಗ ನೀವು ತಲೆ ತೂರಿಸಿದ್ದೀರಿ.

ಮುಂದಿನ ಶನಿವಾರದ ಸಂಗೀತ ಕಛೇರಿಗೆ ನೀವು ಬರೆದುಕೊಟ್ಟ ನನ್ನ ರಾಗದ ಸ್ವರಲಿಪಿ ನೋಡಿದೆ. ಎರಡನೇ ಭಾಗದಲ್ಲಿ ಕೊಳಲು ಅಲ್ಲಲ್ಲಿ ಸುಮ್ಮನಾಗುತ್ತದೆ. "ಆ ಮೌನವೇ ನಮ್ಮ ಪರಂಪರೆಯ ಸಾರ" ಎಂದಿರಂತೆ. ಯಾವ ಪರಂಪರೆ? ಆಗಿನ ಆಟದ ಯಂತ್ರ ಒಮ್ಮೆಗೆ ಮೂರ್ನಾಲ್ಕು ದನಿಗಳನ್ನಷ್ಟೇ ಹೊರಡಿಸುತ್ತಿತ್ತು. ಆಟದ ನರಿ ಜಿಗಿದಾಗಲೆಲ್ಲ ಜಿಗಿತದ ಸದ್ದಿಗೆ ಒಂದು ದನಿ ಬಿಟ್ಟುಕೊಡಬೇಕು. ಅಷ್ಟು ಹೊತ್ತು ರಾಗ ಕಾಣೆ. ಪಕ್ಕದ ಮೇಜಿನ ಹೊರಿಗೋಮೆ ಛೇಡಿಸುತ್ತಿದ್ದ: "ತೊಕಿಕೋ ಅಕ್ಕಾ, ನರಿ ಹಾರ್ದಾಗೆಲ್ಲ ನಿಮ್ಮ ಹಾಡಿಗೆ ಬಿಕ್ಕಳಿಕೆ ಬರತ್ತೆ, ಒಂದ್ಲೋಟ ನೀರು ಕುಡಿಸಿ!"

ಯಾರೋ ಆಡಿದ ಆಟದ ಧ್ವನಿಮುದ್ರಣ ಕೇಳಿ ನಕಲು ಮಾಡಿದ್ದೀರಿ. ಜಿಗಿತದ ಸದ್ದನ್ನು ಬಿಟ್ಟಿರಿ, ಅದು ನುಂಗಿದ ಜಾಗವನ್ನು ಖಾಲಿ ಉಳಿಸಿ ಮೌನವೆಂದಿರಿ. ತಾನೇ ಕಟ್ಟಿದ ರಾಗದಲ್ಲಿ ಯಾರಾದರೂ ಹೀಗೆ ಎಡವುತ್ತಾರೆಯೆ?

ಆಮೇಲೂ ನಾನು ಹಲವು ಆಟಗಳಿಗೆ ಬರೆದೆ. ಒಂದರಲ್ಲೂ ನನ್ನ ಹೆಸರಿಲ್ಲ. ಜನ ಇಂದಿಗೂ ಗುನುಗುವುದು ಇದೊಂದನ್ನೇ. ಇದೂ ಹೋದರೆ, ನಾನು ಸಂಗೀತ ರಚಿಸಿದವಳು ಎಂದು ಹೇಳಿಕೊಳ್ಳಲು ಏನೂ ಉಳಿಯದು.

ಫೋನ್ ಮಾಡಬೇಡಿ. ಕ್ಷಮೆ ಕೇಳಲೆಂದು ತಲೆ ಬಾಗಿಸಿ ಸಿಹಿಯ ಡಬ್ಬಿ ಹಿಡಿದು ಮನೆ ಬಾಗಿಲಿಗೂ ಬರಬೇಡಿ. ಶನಿವಾರ ವೇದಿಕೆಯ ಮೇಲೆ ನಿಂತು, ಆ ಖಾಲಿ ಜಾಗಗಳಲ್ಲಿ ಯಾವ ಸ್ವರಗಳಿದ್ದವು, ಅವನ್ನು ಬರೆದವರು ಯಾರು ಎಂದು ಸಭೆಗೆ ಹೇಳಿ.

ಇಂತಿ,
ಅಕಾಶಿ ತೊಕಿಕೋ

ಪುನಶ್ಚ: ನಿಮಗಿನ್ನೂ ಸುದ್ದಿ ಮುಟ್ಟಿರಲಾರದು. ಕೊಳಲಿನವರಿಗೆ ಹುಷಾರಿಲ್ಲ, ಬದಲಿಗೆ ಕೂರುವವಳು ನಮ್ಮ ಮಗಳು ನಾಗಿಸಾ. ಬಿಟ್ಟುಹೋದ ಸ್ವರಗಳನ್ನು ನನ್ನಿಂದ ಹಟಮಾಡಿ ಬರೆಸಿಕೊಂಡಿದ್ದಾಳೆ. "ಮೊದ್ಲು ಅಪ್ಪ ಮಾತಾಡ್ಲಿ. ಬಾಯಿ ಬಿಡ್ಲಿಲ್ವಾ, ನಾನು ನುಡಿಸೇಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ" ಎನ್ನುತ್ತಾಳೆ. ನಾನು ಅವಳನ್ನು ತಡೆಯಲಾರೆ. ನೀವು ತಡೆಯಬಲ್ಲಿರಿ. ಕೊಳಲು ಅವಳ ತುಟಿಗೆ ಏರುವ ಮೊದಲು, ಎಲ್ಲರ ಮುಂದೆ, ಉತ್ತರ ಕೊಡಿ.