ಎರಡು ಸಾಕು ಅಂದಿದ್ದೆ ನೀನು

ಅಣ್ಣಾ,

ಯಲಹಂಕದ ನಿನ್ನ ಮೆಡಿಕಲ್ ಶಾಪಿನ ಕೌಂಟರಿಗೆ ಒರಗಿಕೊಂಡು ಕೊರೊನಾ ಲಸಿಕೆಯ ಬಗ್ಗೆ ಅವ್ವನಿಗೆ ಹೇಳಿದ್ದು ನೆನಪಿದೆಯೇ? 'ಎರಡು ಡೋಸ್ ಆಯ್ತಲ್ಲ, ಸಾಕು ಬಿಡವ್ವ.' ಮರುವರ್ಷ ಹೃದಯಾಘಾತವಾಗಿ ನೀನು ಹೋಗಿಬಿಟ್ಟೆ. ಮಾತು ಮಾತ್ರ ಮನೆಯಲ್ಲೇ ಉಳಿಯಿತು. ವೈರಸ್ಸಿನ ಹೊಸ ತಳಿಯ ಸುದ್ದಿ ಬಂದಾಗಲೆಲ್ಲ ನಾನು ಬೂಸ್ಟರ್ ವಿಷಯ ಎತ್ತುತ್ತೇನೆ. ಅವಳು, 'ದೊಡ್ಡೋನು ಎರಡು ಸಾಕು ಅಂದವ್ನೆ' ಎನ್ನುತ್ತಾಳೆ, ನಿನ್ನೆ ಸಂಜೆ ನೀನು ಬಂದು ಹೇಳಿ ಹೋದ ಹಾಗೆ. ಆ ಒಂದು ಮಾತನ್ನು ನೀನು ಆಡದೇ ಇದ್ದಿದ್ದರೆ...

ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ. 'ಈ ವಯಸ್ಸಿಗೆ, ಈ ಉಬ್ಬಸಕ್ಕೆ, ಹಾಕಿಸ್ಕೊಳ್ಳೋದೇ ಒಳ್ಳೇದು ಅಜ್ಜಿ. ಹಾಕಿಸ್ಕೊಂಡ್ರೂ ಗುಂಪಲ್ಲಿ ಮಾಸ್ಕ್ ಬೇಕು' ಎಂದರು. ಅವ್ವ ತಲೆಯಾಡಿಸಿದಳು. ವಾಪಸು ಬರುವಾಗ ಆಟೋದಲ್ಲಿ, 'ಮಾಸ್ಕ್ ಸರಿ. ಅದನ್ನ ದೊಡ್ಡೋನೂ ಯೋಳಿದ್ದ' ಎಂದಳು. ಬದುಕಿದ್ದರೆ ನೀನೇ ಅಭಿಪ್ರಾಯ ಬದಲಿಸುತ್ತಿದ್ದೆ. ಈಗ ನಿನ್ನ ಮಾತಿಗೆ ತಿದ್ದುಪಡಿಯನ್ನು ನಾನು ಎಲ್ಲಿಂದ ತರಲಿ? ಹೊಟ್ಟೆಕಿಚ್ಚು ಎನ್ನು, ಪರವಾಗಿಲ್ಲ. ದಿನಾ ಇನ್ಹೇಲರ್ ಕೈಗೆ ಕೊಡುವವನು ನಾನು, ಮಾತು ನಡೆಯುವುದು ನಿನ್ನದು.

ಪಿತೃಪಕ್ಷದಲ್ಲಿ ನಿನಗೆ ಎಡೆ ಇಟ್ಟು, ನೀನು ಉಣ್ಣಲೆಂದು ಕೋಣೆಯ ಬಾಗಿಲು ಹಾಕಿ, ಎಲ್ಲರೂ ಹೊರಗೆ ನಿಂತಿದ್ದೆವು. ನೆಂಟರಲ್ಲಿ ಯಾರೋ ಕೆಮ್ಮುತ್ತಿದ್ದರು. ಅವ್ವ ಮಾಸ್ಕ್ ಸರಿಮಾಡಿಕೊಂಡು, ಮುಚ್ಚಿದ ಬಾಗಿಲ ಹತ್ತಿರ ಹೋಗಿ ಕೇಳಿದಳು:

'ಲೋ, ನಿನ್ ತಮ್ಮ ಇನ್ನೊಂದು ಸೂಜಿ ಆಕಿಸ್ಕೊ ಅಂತಾವ್ನೆ. ಏನ್ ಮಾಡ್ಲಾ?'

ಚಿಕ್ಕಮ್ಮ ನಕ್ಕಳು. 'ಏನಂದ್ನಕ್ಕಾ?'

'ಉಣ್ತಾ ಕುಂತವ್ನೆ. ಬಾಯ್ತುಂಬ ವಡೆ, ಎಂಗ್ ಮಾತಾಡ್ತಾನೆ?'

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇಷ್ಟು ದಿನ ನಾನು ಗೋಗರೆದ ಮಾತಿಗೂ ನಿನ್ನ ಅಪ್ಪಣೆ ಬೇಕೆ?

ಅವಳು ನನ್ನ ಕಡೆ ತಿರುಗಿದಳು. 'ನೀನ್ ಆಕಿಸ್ಕೊಂಡ್ಯಾ?'

'ಇಲ್ಲ.'

'ಸಕ್ಕರೆ ಕಾಯಿಲೆ ಇಟ್ಕೊಂಡು ನಂಗ್ ಯೋಳಾಕ್ ಬತ್ತೀಯ! ನಡಿ, ಇಬ್ರೂ ಓಗಾಣ. ಇನ್ನೊಬ್ಬ ಮಗಂಗೆ ಎಡೆ ಇಕ್ಕೋಕೆ ನನ್ ಕೈಲಾಗಲ್ಲ.'

ಚಿಕ್ಕಮ್ಮನ ನಗು ನಿಂತಿತು. ಅವ್ವ ನಿನ್ನ ಉತ್ತರಕ್ಕೆ ಕಾಯಲಿಲ್ಲ.

ಹೋದ ಸೋಮವಾರ ಹಾಕಿಸಿಕೊಂಡೆವು, ಅಣ್ಣ. ಮರುದಿನ ಇಬ್ಬರಿಗೂ ಸಣ್ಣಗೆ ಮೈ ಬಿಸಿ. ತನ್ನ ಜ್ವರ ಬಿಟ್ಟು ಅವಳು ನನ್ನ ಹಣೆ ಮುಟ್ಟಿ ನೋಡಿದಳು, ಗಂಜಿ ಕಾಯಿಸಿದಳು, ಪಕ್ಕದಲ್ಲೇ ಕುಳಿತಳು. ಮಧ್ಯಾಹ್ನದವರೆಗೂ ನಿನ್ನ ಹೆಸರು ಎತ್ತಲಿಲ್ಲ.